ಹೊಸ ಬಣ್ಣ, ಹಳೇ ದೋಣಿ

ಹಳೇ ಮೋಟಾರು ದೋಣಿಯನ್ನು ತಟ್ಟಿ ನೋಡಿದರೆ ಮಾರುವವನಿಗೆ ಅವಮಾನವಂತೆ! ಈ ಮರ್ಯಾದೆಯಿಂದಲೇ ನಾನು ಕೆಟ್ಟೆ. ಶಿರಿಯ ಹೊಳೆಯಾಚೆಯಿಂದ ತೆಂಗಿನಕಾಯಿ ತರಲು ಮೊದಲ ಸಲ ದೋಣಿ ಕೊಂಡವ, ಹೊಸ ಬಣ್ಣಕ್ಕೆ ಮರುಳಾದೆ. ಮಳೆಗಾಲದ ನಡುಹೊಳೆಯಲ್ಲಿ ಎಂಜಿನು ಬಿಗಿಯುವ ಹಿಂದಿನ ಹಲಗೆ ಬಿರಿಯಿತು. ಹೊರಗೆ ಫೈಬರು, ಒಳಗಿನ ಮರ ನೀರು ಕುಡಿದು ನೆನೆದ ಅವಲಕ್ಕಿ. ದುಡಿ ಬಾರಿಸಿ ಹಾಡುವವ ನಾನು, ಒದ್ದೆ ಚರ್ಮದ ಸದ್ದು ಗೊತ್ತಿಲ್ಲವೇ? ಗೆಣ್ಣಿನಿಂದ ಒಂದು ಪೆಟ್ಟು ಕೊಟ್ಟಿದ್ದರೆ ಸಾಕಿತ್ತು.

ಎಂಜಿನನ್ನೂ ನಾನು ಹೋಗುವ ಮೊದಲೇ ಬಿಸಿ ಮಾಡಿಟ್ಟಿದ್ದ. ತಣ್ಣಗಿರುವಾಗಲೇ ಹಗ್ಗ ಎಳೆಸಿ. ನೀರಿಗಿಳಿಸಿ ಓಡಿಸುವಾಗ ಪಕ್ಕದ ತೂತಿನಿಂದ ನೀರು ಚಿಮ್ಮದಿದ್ದರೆ ಪಂಪು ಕೆಟ್ಟಿದೆ, ಇಲ್ಲವೇ ಉಪ್ಪು ಕಟ್ಟಿದೆ, ಎದ್ದು ಬನ್ನಿ. "ನಮ್ಮೂರವನೇ ಅಲ್ವಾ" ಅಂತೀರಿ. ಅವತ್ತು ಹೊಳೆ ಪಾಲಾದದ್ದು ಕಾಯಿ ಮಾತ್ರ. ದೋಣಿಯಲ್ಲಿ ಶಾಲೆಮಕ್ಕಳಿದ್ದರೆ? ಮಾಷ್ಟ್ರೇ, ನೀವೇ ಹೇಳಿ.