ಪಾಠದ ತಯಾರಿಗೆ ಕೂಲಿ ಕೊಟ್ಟವರು ಯಾರು?

ನಮ್ಮ ಸಾಹಿತ್ಯ ವಲಯದಲ್ಲಿ ಈಚೆಗೆ ಒಂದು ಮರುಕ ಚಾಲ್ತಿಯಲ್ಲಿದೆ. ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದವರು ಬೆಂಗಳೂರಿನ ಕಂಪನಿ ಸೇರಿ 'ಇನ್‌ಸ್ಟ್ರಕ್ಷನಲ್ ಡಿಸೈನರ್' ಆದರೆಂದು ಕೇಳಿದ ಕೂಡಲೇ ಹಿರಿಯರು ನಿಟ್ಟುಸಿರು ಬಿಡುತ್ತಾರೆ. 'ಒಳ್ಳೇ ಮೇಡಮ್ಮು, ಸ್ಲೈಡ್ ಮಾಡೋಕೆ ಹೋದ್ಲು' ಅನ್ನುತ್ತಾರೆ. ಹೀಗನ್ನುವ ಬಹುಪಾಲು ಜನ ಯುಜಿಸಿ ಸ್ಕೇಲಿನಲ್ಲಿ ದುಡಿದು ಪೆನ್ಶನ್ ಪಡೆಯುತ್ತಿರುವವರು ಎಂಬುದನ್ನು ಸುಮ್ಮನೆ ನೆನಪಿಸುತ್ತೇನೆ.

ನಾನು ಹೊಳಲ್ಕೆರೆಯವನು, ಪಿಎಚ್‌ಡಿ ಮಾಡುತ್ತಿದ್ದೇನೆ. ನನ್ನ ಗೆಳತಿಯೊಬ್ಬಳು ಇಂಗ್ಲಿಷ್ ಎಂ.ಎ., ಕೆಸೆಟ್ ಪಾಸಾದವಳು. 2019ರಿಂದ ನಾಲ್ಕು ವರ್ಷ ನಮ್ಮ ಕಡೆಯ ಒಂದು ಸರ್ಕಾರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅತಿಥಿ! ಹತ್ತು ಹದಿನೈದು ವರ್ಷ ಅದೇ ಮನೆಯಲ್ಲಿ ದುಡಿದರೂ ಅತಿಥಿಯಾಗಿಯೇ ಉಳಿಯುವವರು ಈ ರಾಜ್ಯದಲ್ಲಿ ಇವರು ಮಾತ್ರ ಇರಬೇಕು. ಅವಳ ತರಗತಿಗೆ ರಾಮಗಿರಿ, ತಾಳ್ಯ, ಬಿ. ದುರ್ಗದ ಕಡೆಯಿಂದ ಮಕ್ಕಳು ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದರು. ಎಲ್ಲರೂ ಕನ್ನಡ ಮಾಧ್ಯಮದವರು. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿಯೆಲ್ಲ ಅಡಿಕೆ ಸುಲಿದು, ಕರೆ ಹತ್ತಿದ ಬೆರಳಲ್ಲೇ ಪೆನ್ನು ಹಿಡಿದು ಕೂರುತ್ತಿದ್ದ ಹುಡುಗಿಯರೂ ಇದ್ದರು.

ಇವರಿಗೆ ಪಾಠ ಮಾಡಲು ಸರ್ಕಾರ ಕೊಡುತ್ತಿದ್ದುದೆಷ್ಟು? 2022ರ ಜನವರಿಗೆ ಮೊದಲು 11 ಸಾವಿರ, ಯುಜಿಸಿ ಅರ್ಹತೆ ಇದ್ದವರಿಗೆ 13 ಸಾವಿರ. ಆಮೇಲೆ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರ ಮಾಡಿದರು; ಜೊತೆಗೆ ವಾರಕ್ಕೆ 15 ಗಂಟೆಯ ಕಾರ್ಯಭಾರ ಹೊರಿಸಿದ್ದರಿಂದ ಎಷ್ಟೋ ಜನರ ಪಾಲಿನ ಗಂಟೆಗಳೇ ಮಾಯವಾದವು. ಮುಷ್ಕರ ಹೂಡಿದ ಮೇಲೆ, 2024ರ ಜನವರಿಯಲ್ಲಿ ಸೇವೆಗೆ ತಕ್ಕಂತೆ ಇನ್ನೂ 5ರಿಂದ 8 ಸಾವಿರ ಸೇರಿತು. ಅತ್ತ ಯುಜಿಸಿ 2019ರಲ್ಲೇ ಒಂದು ತರಗತಿಗೆ 1,500 ರೂಪಾಯಿ, ತಿಂಗಳಿಗೆ 50 ಸಾವಿರದವರೆಗೆ ಕೊಡಬಹುದೆಂದು ಹೇಳಿತ್ತು.

ಆದರೆ ನನ್ನ ಸಿಟ್ಟು ಬರೀ ಮೊತ್ತದ ಮೇಲಲ್ಲ, ಲೆಕ್ಕ ಹಾಕುವ ರೀತಿಯ ಮೇಲೆ. ಸರ್ಕಾರ ಲೆಕ್ಕ ಹಿಡಿಯುವುದು ಬೋರ್ಡಿನ ಮುಂದೆ ನಿಂತ ಗಂಟೆಯನ್ನು ಮಾತ್ರ. ಆ ಗಂಟೆಗಾಗಿ ಹಿಂದಿನ ರಾತ್ರಿ ಕೂತದ್ದು, ಈ ಮಕ್ಕಳಿಗೆ ಇದು ಎಲ್ಲಿ ತೊಡಕಾಗುತ್ತದೆ ಎಂದು ಯೋಚಿಸಿದ್ದು, ಉತ್ತರಪತ್ರಿಕೆ ತಿದ್ದಿದ್ದು ಯಾವ ಲೆಕ್ಕಕ್ಕೂ ಇಲ್ಲ. 2021ರಲ್ಲಿ ಎನ್‌ಇಪಿ ಪಠ್ಯ ಬಂತು, 2024ರಲ್ಲಿ ಹೋಯಿತು. ಎರಡು ಸಲವೂ ಹೊಸ ನೋಟ್ಸ್ ಬರೆದ ಅತಿಥಿಗಳಿಗೆ ಆ ರಾತ್ರಿಗಳ ಕೂಲಿ ಸಿಗಲಿಲ್ಲ.

ಕಂಪನಿ ಕೊಂಡುಕೊಳ್ಳುವುದು ಈ ತಯಾರಿಯನ್ನೇ. ಇನ್‌ಸ್ಟ್ರಕ್ಷನಲ್ ಡಿಸೈನ್ ಅಂದರೆ ಕಲಿಕೆಯನ್ನು ಮೊದಲೇ ಯೋಚಿಸಿ ಕಟ್ಟುವ ಕೆಲಸ. ಎರಡನೇ ಮಹಾಯುದ್ಧದಲ್ಲಿ ಲಕ್ಷಾಂತರ ಜನರಿಗೆ ಬೇಗ ತರಬೇತಿ ಕೊಡಬೇಕಾದಾಗ ಬೆಳೆದ ವಿದ್ಯೆ ಇದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಬಳಕೆ, ಮೌಲ್ಯಮಾಪನ ಎಂದು ಇವತ್ತಿಗೂ ಪಾಲಿಸುವ ಕ್ರಮವನ್ನು 1975ರಲ್ಲಿ ಫ್ಲಾರಿಡಾ ಸ್ಟೇಟ್ ಯೂನಿವರ್ಸಿಟಿ ಅಮೆರಿಕದ ಸೈನ್ಯಕ್ಕಾಗಿ ರೂಪಿಸಿತು. ಗೆಳತಿಯ ಕಂಪನಿಯಲ್ಲಿ ಮೊದಲು ಕೇಳುವ ಪ್ರಶ್ನೆ: ಕಲಿಯುವವರು ಯಾರು, ಅವರಿಗೆ ಈಗಾಗಲೇ ಏನು ಗೊತ್ತು, ಬಿಡುವು ಎಷ್ಟು? ನಾಲ್ಕು ವರ್ಷದಲ್ಲಿ ಕಾಲೇಜಿನಲ್ಲಿ ಯಾರೂ ತನ್ನನ್ನು ಈ ಪ್ರಶ್ನೆ ಕೇಳಲಿಲ್ಲ ಅನ್ನುತ್ತಾಳೆ ಅವಳು.

ಹಾಗಂತ ಕಂಪನಿಯ ಕೆಲಸವನ್ನು ನಾನು ಹೊಗಳಲಾರೆ. ಅಷ್ಟೆಲ್ಲ ಯೋಚಿಸಿ ಅವಳು ಕಟ್ಟುವುದು ಬೆಂಕಿ ಬಿದ್ದಾಗ ಯಾವ ಬಾಗಿಲಿನಿಂದ ಓಡಬೇಕು, ಪಾಸ್‌ವರ್ಡ್ ಹೇಗೆ ಕಾಪಾಡಬೇಕು ಎಂಬಂಥ ಪಾಠಗಳನ್ನು. ಅದೂ ಇಂಗ್ಲಿಷಿನಲ್ಲಿ. ನೌಕರರು ಚಹಾ ಕುಡಿಯುತ್ತ 'ನೆಕ್ಸ್ಟ್' ಒತ್ತಿ ಮುಗಿಸುತ್ತಾರೆ. ಯಾರೂ ಎದ್ದು ನಿಂತು 'ಮೇಡಂ, ಅರ್ಥ ಆಗ್ಲಿಲ್ಲ' ಅನ್ನುವುದಿಲ್ಲ.

ಲಂಕೇಶರೂ ಬೆಂಗಳೂರು ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಬಿಟ್ಟು 1980ರಲ್ಲಿ ಪತ್ರಿಕೆ ಶುರು ಮಾಡಿದವರು. ಅವರನ್ನು ಕೊನೆಯವರೆಗೂ ಮೇಷ್ಟ್ರು ಎಂದೇ ಕರೆದೆವು. ತರಗತಿ ಬಿಡುವುದೇ ದ್ರೋಹವಾಗಿದ್ದರೆ ಅವರಿಗೂ ಆ ಮಾತು ಸಲ್ಲಬೇಕಿತ್ತು. ಅವರು ಹೊರಗೆ ಬಂದಾಗ ಕಾಸು ಕೊಟ್ಟು ಕೊಂಡು ಓದುವ ಕನ್ನಡಿಗರಿದ್ದರು. ನನ್ನ ಗೆಳತಿಯ ವಿದ್ಯೆಯನ್ನು ಕನ್ನಡದ ಮಕ್ಕಳಿಗಾಗಿ ಕೊಳ್ಳುವವರು ಎಲ್ಲಿದ್ದಾರೆ? ನಷ್ಟ ಅವಳದ್ದಲ್ಲ, ತಾಳ್ಯದಿಂದ ಬಸ್ಸು ಹತ್ತುವ ಹುಡುಗಿಯದ್ದು. ಅದಕ್ಕೆ ಅವಳನ್ನು ಬೈದು ಪ್ರಯೋಜನವಿಲ್ಲ. ವಾರದ 15 ಗಂಟೆ ಪಾಠಕ್ಕೆ ಇನ್ನು 15 ಗಂಟೆ ತಯಾರಿಯೂ ಸೇರಿದೆ ಎಂದು ಒಪ್ಪಿ ಸಂಬಳ ಕೊಡಿ. ಆಮೇಲೂ ಎಷ್ಟು ಜನ ಬೆಂಗಳೂರು ಬಸ್ಸು ಹತ್ತುತ್ತಾರೋ ನೋಡೋಣ.

ಹೋದ ವರ್ಷ ಅವಳು ಬಿಡುವಿನಲ್ಲಿ ಎಂಟು ನಿಮಿಷದ ಒಂದು ಪಾಠ ಮಾಡಿದಳು. ಕನ್ನಡದಲ್ಲಿ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುತ್ತದೆ. ಕನ್ನಡದಲ್ಲಿ ಓದಿ ಬಂದವರು ಇಂಗ್ಲಿಷಿನ ಉದ್ದ ವಾಕ್ಯದಲ್ಲಿ ಅದನ್ನು ಹುಡುಕುವುದು ಹೇಗೆ ಎಂಬುದು ವಿಷಯ. ಉದಾಹರಣೆಗಳೆಲ್ಲ ಅಡಿಕೆ, ಬಸ್ಸು, ಸಂತೆಯವು. ಅವಳ ಜಾಗಕ್ಕೆ ಬಂದ ಅತಿಥಿ ಉಪನ್ಯಾಸಕರಿಗೆ ಕಳಿಸಿಕೊಟ್ಟಳು. ತುಂಬ ಚೆನ್ನಾಗಿದೆ ಮೇಡಂ, ಖಂಡಿತ ತೋರಿಸುತ್ತೇನೆ, ಈ ಸೆಮಿಸ್ಟರಿಗೆ ನನಗೆ ಇನ್ನೂ ಗಂಟೆ ಹಂಚಿಲ್ಲ ಎಂದು ಅವರು ಉತ್ತರ ಬರೆದರು.