ಕರಿ ಚಾಳೀಸಿನ ಕುರುಡು ನಂಬಿಕೆ

ಗಾಜು ಕಪ್ಪಾದಷ್ಟೂ ಕಣ್ಣಿಗೆ ಕ್ಷೇಮ ಎಂಬುದು ನಮ್ಮ ಮುಧೋಳ ಸೀಮೆಯಲ್ಲಿ ವೇದವಾಕ್ಯವಾಗಿಬಿಟ್ಟಿದೆ. ಜಾತ್ರೆಯ ಅಂಗಡಿಯವನನ್ನು ಕೇಳಿ ನೋಡಿ: “ಇದು ಭಾಳ ಕರ್ರಗೈತ್ರಿ ಅಕ್ಕೋರ, ಬಿಸಲು ಒಳಗ ಬರಂಗೇ ಇಲ್ಲ” ಎನ್ನುತ್ತಾನೆ. ಈ ಮಾತು ಸುಳ್ಳು. ಸುಳ್ಳಷ್ಟೇ ಆಗಿದ್ದರೆ ಬಿಡಬಹುದಿತ್ತು, ಇದು ಅಪಾಯವೂ ಹೌದು.

ಕಾಣುವ ಬೆಳಕು ಬೇರೆ, ಕಾಣದ ಅತಿನೇರಳೆ ಕಿರಣ ಬೇರೆ. ಬಣ್ಣ ತಗ್ಗಿಸುವುದು ಮೊದಲನೆಯದನ್ನು. ಎರಡನೆಯದನ್ನು ತಡೆಯುವ ಗುಣ ಗಾಜಿಗೆ ಪ್ರತ್ಯೇಕವಾಗಿಯೇ ಇರಬೇಕು. ಅದಿದ್ದರೆ ನೀರಿನಂತೆ ತಿಳಿಯಾದ ಗಾಜೂ ಸಾಕು. ಅದಿಲ್ಲದ ಕರಿ ಗಾಜಿನ ಹಿಂದೆ ಕಣ್ಣು ಕತ್ತಲಾಯಿತೆಂದು ಪಾಪೆಯನ್ನು ಅಗಲಿಸುತ್ತದೆ. ಬಾಗಿಲು ತೆರೆದು ಕಳ್ಳನನ್ನು ಕರೆದಂತೆ! ವರ್ಷಗಟ್ಟಲೆ ಇಂಥ ಕಿರಣ ಬಿದ್ದರೆ ಪೊರೆ ಬರುವ, ಕಣ್ಣಲ್ಲಿ ಮಾಂಸ ಬೆಳೆಯುವ ಸಂಭವ ಹೆಚ್ಚು.

ಹಾಗಾದರೆ ಬಣ್ಣಕ್ಕೆ ಬೆಲೆಯೇ ಇಲ್ಲವೇ? ಇದೆ. ಗುಲ್ಮರ್ಗದ ಹಿಮದ ಮೇಲೆ ಜಾರುವ ಆಟಗಾರರು ಮೋಡದ ದಿನಕ್ಕೆ ಹಳದಿ ಅಥವಾ ಗುಲಾಬಿ, ಸುಡು ಬಿಸಿಲಿಗೆ ಗಾಢ ಬೂದು ಅಥವಾ ಕಂದು ಗಾಜು ಆರಿಸುತ್ತಾರೆ. ಹೊಸ ಹಿಮ ಅತಿನೇರಳೆ ಕಿರಣದ ಶೇಕಡಾ 80ರಷ್ಟನ್ನು ಮುಖಕ್ಕೇ ತಿರುಗಿ ಎಸೆಯಬಲ್ಲದು. ಅಲ್ಲಿ ಗಾಜಿನ ಆಯ್ಕೆ ಶೋಕಿಯಲ್ಲ. ನಮ್ಮ ಮಣ್ಣು ಅಷ್ಟು ಎಸೆಯುವುದಿಲ್ಲ, ಆದರೆ ಏಪ್ರಿಲ್ ತಿಂಗಳ ಬಿಸಿಲೇನು ಕಡಿಮೆಯೇ? ಬೂದು ಗಾಜು ಬಣ್ಣಗಳನ್ನು ಇದ್ದಂತೆಯೇ ತೋರಿಸುತ್ತದೆ. ಕಂದು ಗಾಜಿನಲ್ಲಿ ತಗ್ಗು ದಿನ್ನೆ ಚೆನ್ನಾಗಿ ತಿಳಿಯುತ್ತವೆ. ಗಾಜಿನ ಗಾಢತೆಗೆ 0ರಿಂದ 4ರವರೆಗೆ ದರ್ಜೆಗಳಿವೆ. 3ನೇ ದರ್ಜೆಯದು ಬೆಳಕಿನ ಶೇಕಡಾ 8ರಿಂದ 18ರಷ್ಟನ್ನು ಮಾತ್ರ ಬಿಡುತ್ತದೆ. ನಮ್ಮ ಮಧ್ಯಾಹ್ನಕ್ಕೆ ಅದು ಸಾಕು. 4ನೇ ದರ್ಜೆಯದನ್ನು ಹಾಕಿಕೊಂಡು ಹಗಲಲ್ಲೂ ಗಾಡಿ ಓಡಿಸಬಾರದು.

ಇನ್ನು ರಾತ್ರಿ ಹಳದಿ ಚಾಳೀಸು ಹಾಕಿಕೊಂಡು ಮೋಟಾರ್‌ಸೈಕಲ್ ಓಡಿಸುವ ಹುಡುಗರು! ಎದುರಿನ ದೀಪ ಚುಚ್ಚುವುದಿಲ್ಲ ಎಂಬುದು ಅವರ ವಾದ. ಕತ್ತಲಲ್ಲಿ ಯಾವ ಬಣ್ಣವಾದರೂ ಇದ್ದಷ್ಟು ಬೆಳಕನ್ನೂ ಕಡಿಮೆಯೇ ಮಾಡುತ್ತದೆ. ಕಬ್ಬಿನ ಹಂಗಾಮಿನಲ್ಲಿ ಹಿಂದೆ ದೀಪವಿಲ್ಲದ ಟ್ರೇಲರ್ ರಸ್ತೆಯಲ್ಲಿ ನಿಂತಿದ್ದರೆ, ಅದು ಕಾಣುವ ಹೊತ್ತಿಗೆ ಬ್ರೇಕಿಗೆ ಸಮಯವಿರುವುದಿಲ್ಲ. ದೀಪ ಹಾಕದ ಟ್ರ್ಯಾಕ್ಟರಿನವನ ತಪ್ಪು ದೊಡ್ಡದೇ. ಅದರ ಮೇಲೆ ನಾವೇ ಕಣ್ಣಿಗೆ ಪರದೆ ಕಟ್ಟಿಕೊಳ್ಳಬೇಕೇ?

ನನ್ನ ನಿಜವಾದ ಜಗಳ ಬೇರೆಯೇ ಇದೆ. ಕಟ್ಟೆಯ ಮೇಲೆ, ನೆರಳಲ್ಲಿ ಕೂತ ಹುಡುಗ ಚಾಳೀಸು ಹಾಕಿದರೆ ಹೀರೋ. ದಿನವಿಡೀ ಬಿಸಿಲಲ್ಲಿ ಬಗ್ಗಿ ಕಬ್ಬು ಕಡಿಯುವ ಹೆಂಗಸು ಹಾಕಿದರೆ ಊರೆಲ್ಲ ನಗು! ಯಾರ ಕಣ್ಣಿಗೆ ಬೇಕೋ ಅವರಿಗಿಲ್ಲ. ಸೆರಗು, ಟೊಪ್ಪಿಗೆಯ ನೆರಳು ಒಳ್ಳೆಯದೇ, ಆದರೆ ಅದೊಂದೇ ಸಾಲದು. ಕಡಿಯುವವರಿಗೆ ಕುಡಗೋಲು ಒದಗಿಸುವ ನಾವು ಒಳ್ಳೆಯ ಚಾಳೀಸನ್ನೂ ಕೆಲಸದ ಸಾಮಾನೆಂದೇ ಎಣಿಸಬೇಕು.

ಕೊಳ್ಳುವಾಗ ಬಣ್ಣಕ್ಕಿಂತ ಮೊದಲು ‘ಯು.ವಿ. 400’ ಎಂಬ ಗುರುತು ಕೇಳಿ. ಬರೀ ಚೀಟಿ ನಂಬದೆ, ಕನ್ನಡಕದ ಅಂಗಡಿಯಲ್ಲಿ ಅಳೆಯುವ ಯಂತ್ರವಿದ್ದರೆ ಅಳೆಸಿ ನೋಡಿ. ನಗುವವರು ನಗಲಿ, ಪೊರೆ ಬಂದಾಗ ಅವರೇನು ಕಣ್ಣು ಕೊಡುವುದಿಲ್ಲ.