ಹೊಸ್ತಿಲು ಕೀಳುವ ಮುನ್ನ ಒಂದು ಮಾತು

ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಅಣ್ಣ-ತಮ್ಮಂದಿರೆ, ಅವ್ವ-ಅಕ್ಕಂದಿರೆ,

ಮಧ್ಯಾಹ್ನದ ಹೊತ್ತಿಗೆ ದೇವಲ ಗಾಣಗಾಪುರದ ಓಣಿಯಲ್ಲಿ ಒಮ್ಮೆ ನಿಂತು ನೋಡಿ. ಮಹಾರಾಷ್ಟ್ರದಿಂದ, ತೆಲಂಗಾಣದಿಂದ ಬಂದ ಭಕ್ತರು ಜೋಳಿಗೆ ಹಿಡಿದು ಮನೆಯಿಂದ ಮನೆಗೆ ಹೋಗುತ್ತಿರುತ್ತಾರೆ. ಅವರಲ್ಲಿ ಉಳ್ಳವರೂ ಇರುತ್ತಾರೆ. ದತ್ತ ಮಹಾರಾಜರು ಇಂದಿಗೂ ಆ ಹೊತ್ತಿಗೆ ಇಲ್ಲಿ ಭಿಕ್ಷೆಗೆ ಬರುತ್ತಾರೆಂಬ ನಂಬಿಕೆ. ಅದಕ್ಕೇ ಐದು ಮನೆಯಲ್ಲಾದರೂ ಮಾಧುಕರಿ ಭಿಕ್ಷೆ ಬೇಡಬೇಕು. ಬೇಡುವವರಲ್ಲಿ ದತ್ತರು ಯಾರೋ ಏನೋ, ಬಂದವರನ್ನು ಬರಿಗೈಲಿ ಕಳಿಸಬಾರದೆಂದು ನೀಡುವವರ ಮನಸ್ಸು. ಗುಡಿಯಲ್ಲಿ ನಿರ್ಗುಣ ಪಾದುಕೆಗಳನ್ನು ಸಣ್ಣ ಕಿಂಡಿಯೊಳಗಿಂದ ಕಂಡವರು ಹೊರಗೆ ಬಂದು ಯಾರದೋ ಮನೆಯ ಹೊಸ್ತಿಲ ಮುಂದೆ ನಿಲ್ಲುತ್ತಾರೆ. ಈ ಊರಲ್ಲಿ ಆ ಹೊಸ್ತಿಲೂ ಕ್ಷೇತ್ರವೇ.

ಆ ಮನೆಗಳನ್ನು ಒಂದೊಂದಾಗಿ ಕೆಡವಿ ಲಾಡ್ಜು, ಅಂಗಡಿ ಸಾಲು ಎಬ್ಬಿಸಿದರೆ ಜೋಳಿಗೆಯನ್ನು ಯಾರ ಮುಂದೆ ಒಡ್ಡುವುದು?

ಗಾಣಗಾಪುರದ ಮಾತು ಮೊದಲು ಎತ್ತಿದೆನಾದರೂ ನನ್ನ ಸಂಕಟ ಮೂರೂ ತಾಲ್ಲೂಕಿನದು. ಆಳಂದದಲ್ಲಿ ಲಾಡ್ಲೆ ಮಶಾಯಿಖರ ದರ್ಗಾಕ್ಕೆ ಹೋಗುವವರು, ಜೇವರ್ಗಿಯಲ್ಲಿ ಷಣ್ಮುಖ ಶಿವಯೋಗಿಗಳ ಮಠಕ್ಕೆ ಹೋಗುವವರು ದಾರಿಯ ಎರಡೂ ಬದಿಯ ಗೋಡೆಗಳನ್ನು ಗಮನಿಸಲಿ. ನಮ್ಮ ಹಿರಿಯರು ಮನೆ ಕಟ್ಟಿದ್ದು ಕಾಲಡಿಯ ನೆಲ ಕೊಟ್ಟ ಸಾಮಾನಿನಿಂದ. ಭೀಮಾ ನದಿಯ ಸೀಮೆಯಲ್ಲಿ ಪದರು ಪದರಾಗಿ ಏಳುವ ಸುಣ್ಣಕಲ್ಲಿಗೆ ಶಹಾಬಾದ ಊರಿನ ಹೆಸರು ಅಂಟಿದೆ. ಎಲ್ಲೆಲ್ಲಿಯ ರೈಲು ನಿಲ್ದಾಣಗಳಿಗೋ ಅದು ಹಾಸುಗಲ್ಲಾಗಿ ಹೋಯಿತು. ನಮ್ಮಲ್ಲಿ ಅದೇ ಪರಸಿ, ಅದೇ ಮೆಟ್ಟಿಲು, ಅದೇ ಕಟ್ಟೆ. ದಪ್ಪ ಗೋಡೆ, ತೊಲೆ, ಜಂತಿ, ಮೇಲೆ ಮಣ್ಣಿನ ಮಾಳಿಗೆ, ನಡುವೆ ಒಂದು ಬೆಳಕಿಂಡಿ. ಬಿಸಿಲು 40 ಡಿಗ್ರಿ ದಾಟಿದಾಗ ಆರ್‌ಸಿಸಿ ಮನೆಯಲ್ಲಿ ಫ್ಯಾನು ಬಿಸಿಗಾಳಿ ಬೀಸುತ್ತದೆ. ಹಳೆ ಮನೆಯ ಪಡಸಾಲೆಯಲ್ಲಿ ಚಾಪೆ ಹಾಸಿ ಮಲಗಿದ ಅಜ್ಜಿಗೆ ನಿದ್ದೆ ಹತ್ತುತ್ತದೆ. ಇದನ್ನು ನಾನು ಹೇಳಬೇಕಿಲ್ಲ, ಅಲ್ಲಿ ಮಲಗಿದವರೇ ನೀವು.

ಹಳೆಯದನ್ನೆಲ್ಲ ಹಾಗೇ ಇಟ್ಟುಕೊಳ್ಳಿ ಎಂದು ಹಟ ಹಿಡಿಯಲಾರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಬಂದದ್ದನ್ನು ಅಫಜಲಪುರ, ಜೇವರ್ಗಿಯ ನದಿದಂಡೆಯವರು ಮರೆತಿಲ್ಲ. ನೆನೆದ ಮಣ್ಣಿನ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸುವ ತಾಯಿಯ ಭಯಕ್ಕಿಂತ ಯಾವ ಕೆತ್ತನೆಯೂ ದೊಡ್ಡದಲ್ಲ. ಅಪಾಯದ ಮನೆ ಬಿಡಲೇಬೇಕು. ಆದರೆ ಒಂದು ಮೂಲೆ ಸೋರಿತೆಂದು, ಅಣ್ಣ-ತಮ್ಮಂದಿರು ಪಾಲಾದರೆಂದು ಗಟ್ಟಿ ಮನೆಯನ್ನೂ ನೆಲಸಮ ಮಾಡುತ್ತಿದ್ದೇವಲ್ಲ, ನನ್ನ ನೋವು ಅದಕ್ಕೆ. ಬಹಳಷ್ಟು ಮಾಳಿಗೆಗಳು ಸೋರುವುದು ಮಳೆಗಾಲಕ್ಕೆ ಮುಂಚೆ ಮೇಲೆ ಹೊಸ ಮಣ್ಣು ಹಾಕುವುದನ್ನು ನಾವು ಬಿಟ್ಟದ್ದರಿಂದ.

ಕಾನೂನು ಕಾಯುತ್ತದೆಂದು ಕೂರುವಂತಿಲ್ಲ. 1961ರ ರಾಜ್ಯದ ಪ್ರಾಚೀನ ಸ್ಮಾರಕಗಳ ಕಾಯ್ದೆ ಸರ್ಕಾರ ಸಂರಕ್ಷಿತವೆಂದು ಘೋಷಿಸಿದ ಕಟ್ಟಡಗಳಿಗೆ. ನಿಮ್ಮ ಓಣಿಯ ಕಮಾನು, ಊರ ಅಗಸಿ, ಅಜ್ಜ ಕೂತ ಕಟ್ಟೆ ಯಾವ ಪಟ್ಟಿಯಲ್ಲೂ ಇರಲಿಕ್ಕಿಲ್ಲ. ಅವುಗಳಿಗೆ ಇರುವ ಕಾವಲು ನೀವೊಬ್ಬರೇ.

ಹಾಗಾಗಿ ಕೈಮುಗಿದು ಕೇಳುತ್ತೇನೆ. ಮನೆ ಕೆಡವುವ ಮಾತು ಬಂದರೆ ಮೊದಲು ಕಲ್ಲು-ಮಣ್ಣಿನ ಕೆಲಸ ಬಲ್ಲ ಹಿರಿಯ ಗೌಂಡಿಯನ್ನು ಕರೆದು ತೋರಿಸಿ. ದುರಸ್ತಿಯಾಗುತ್ತದೆಯೇ ಎಂದು ಕೇಳಿ. ಕೆಡವಲೇಬೇಕಾದರೆ ಕೆತ್ತನೆಯ ಚೌಕಟ್ಟು, ಕಂಬಗಳನ್ನು ಹಳೆ ಸಾಮಾನಿನವರಿಗೆ ತೂಗಿ ಕೊಡಬೇಡಿ, ಹೊಸ ಮನೆಯ ಮುಂಬಾಗಿಲಿಗೆ ಅವನ್ನೇ ನಿಲ್ಲಿಸಿ. ಬೀದಿಗಿರುವ ಕಟ್ಟೆ ತೆಗೆಯಬೇಡಿ; ದಣಿದವರು ಅಲ್ಲಿ ಕೂರುತ್ತಾರೆ. ಪುರಸಭೆ, ಗ್ರಾಮ ಪಂಚಾಯಿತಿಯ ಸದಸ್ಯರೇ, ರಸ್ತೆ ಅಗಲಿಸುವ ಗುರುತು ಹಾಕುವ ಮುನ್ನ ಆ ಓಣಿಯವರನ್ನು ಕೂರಿಸಿಕೊಂಡು ಮಾತಾಡಿ. ಶಾಲೆಯ ಗುರುಗಳೇ, ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಓಣಿಯ ಪ್ರತಿ ಬಾಗಿಲಿನ ಚಿತ್ರ ಬರೆಸಿ, ಯಾರು ಕಟ್ಟಿದ್ದೆಂದು ಮನೆಯ ಹಿರಿಯರನ್ನು ಕೇಳಿ ಬರೆದಿಡಿ.

ಯುಗಾದಿ ಮುಗಿದ ಮೇಲೆ ಮಳೆ ಹಿಡಿಯುವವರೆಗೆ ಮಾಳಿಗೆ ಹತ್ತಲು ಹದವಾದ ಕಾಲವಿದೆ. ಈ ವರ್ಷ ಒಂದೆರಡು ಬಂಡಿ ಸವಳು ಮಣ್ಣು ತರಿಸಿ.